ಚಳಿಯೂರಿನ ಅಂಗಳಕ್ಕೆ ಯಾವುದು ಸರಿ? ಹುಲ್ಲು, ಗಿಡ, ಕಲ್ಲು, ಕಾಂಟ್ರ್ಯಾಕ್ಟ್

ಕೆಲಸಕ್ಕೆಂದು ಅಮೆರಿಕದ ಮಿನ್ನೆಸೋಟ ರಾಜ್ಯದ ರಾಚೆಸ್ಟರ್, ಮ್ಯಾಂಕೇಟೊ, ಓವಟಾನಾ, ನಾರ್ತ್‌ಫೀಲ್ಡ್ ಕಡೆ ಬಂದು ಮನೆ ಕೊಂಡ ನಮ್ಮವರು ಮೊದಲ ಬೇಸಿಗೆಯಲ್ಲಿ ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ: ಮನೆ ಸುತ್ತ ಏನು ಹಾಕಿಸೋದು? ಬರೀ ಹುಲ್ಲು ಸಾಕಾ, ಗಿಡ ನೆಡೋದಾ, ಇಲ್ಲಾ ಕಲ್ಲು ಹರಡಿಸಿ ಸುಮ್ಮನಾಗೋದಾ? ನಾವೇ ನೋಡಿಕೊಳ್ಳೋದಾ, ಯಾರಿಗಾದರೂ ವಹಿಸೋದಾ? ಮೇ ತಿಂಗಳಲ್ಲಿ ನರ್ಸರಿಗೆ ಹೋದರೆ ಎಲ್ಲವೂ ಚೆನ್ನಾಗಿಯೇ ಕಾಣುತ್ತವೆ. ಆಗ ಆರಿಸಿದ್ದರಲ್ಲಿ ಎಷ್ಟೋ ಗಿಡ ಮುಂದಿನ ಮೇ ನೋಡುವುದಿಲ್ಲ.

ದಕ್ಷಿಣ ಮಿನ್ನೆಸೋಟದಂಥ ಕಡೆ ಅಂಗಳವನ್ನು ಚಳಿಗಾಲದ ಲೆಕ್ಕದಲ್ಲಿ ಆರಿಸಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ವರ್ಷದಲ್ಲಿ ನಾಲ್ಕೈದು ತಿಂಗಳು ನೆಲ ಹೆಪ್ಪುಗಟ್ಟಿರುತ್ತದೆ. ಮೇಲೆ ಹಿಮ, ರಸ್ತೆಯ ಅಂಚಿನಲ್ಲಿ ಉಪ್ಪು, ಹಿಮದ ಅಡಿಯಲ್ಲಿ ಇಲಿ, ಹಿಮದ ಮೇಲೆ ಮೊಲ. ಇಷ್ಟನ್ನೂ ತಡೆದುಕೊಂಡ ಗಿಡ ಮಾತ್ರ ಜೂನ್‌ನಲ್ಲಿ ಹೂ ಬಿಡುತ್ತದೆ. ಹಾಗಾಗಿ ಕೆಳಗಿನ ಪ್ರತಿ ಹೋಲಿಕೆಯಲ್ಲೂ ನಾನು ಮೊದಲು ಕೇಳುವುದು ‘ಜನವರಿಯಲ್ಲಿ ಇದರ ಗತಿ ಏನು’ ಅಂತಲೇ.

ಮೊದಲು ಹಿಮ ಎಲ್ಲಿ ಗುಡ್ಡೆಯಾಗುತ್ತದೆ ನೋಡಿ

ಹೊಸ ಮನೆಯಾದರೆ ಒಂದು ಚಳಿಗಾಲ ಏನೂ ನೆಡದೆ ಸುಮ್ನೆ ನೋಡಿ. ಡ್ರೈವ್‌ವೇಯ ಯಾವ ಪಕ್ಕಕ್ಕೆ ಹಿಮ ತಳ್ಳುತ್ತೀರಿ? ರಸ್ತೆಯ ಹಿಮ ತಳ್ಳುವ ಊರಿನ ಪ್ಲೌ ಗಾಡಿ ಅಂಚೆಪೆಟ್ಟಿಗೆಯ ಹತ್ತಿರ ಎಷ್ಟು ದೂರಕ್ಕೆ ಎರಚುತ್ತದೆ? ಛಾವಣಿಯಿಂದ ಜಾರುವ ಹಿಮ ಎಲ್ಲಿ ಬೀಳುತ್ತದೆ? ಮನೆಯ ಉತ್ತರ ಗೋಡೆಯ ಪಕ್ಕ ಏಪ್ರಿಲ್‌ವರೆಗೂ ಐಸ್ ಕರಗದೆ ಉಳಿಯುವುದು ಎಲ್ಲಿ? ಒಂದು ಹಾಳೆಯ ಮೇಲೆ ಮನೆಯ ನಕ್ಷೆ ಗೀಚಿ ಈ ಜಾಗಗಳನ್ನು ಗುರುತು ಮಾಡಿಟ್ಟುಕೊಳ್ಳಿ. ಯಾವ ಲ್ಯಾಂಡ್‌ಸ್ಕೇಪ್ ಡಿಸೈನರ್ ಬಂದರೂ ಮೊದಲು ಈ ಹಾಳೆ ಅವರ ಕೈಗೆ ಕೊಡಿ.

ಹಿಮ ಗುಡ್ಡೆಯಾಗುವ ಕಡೆ ಗಟ್ಟಿ ಕೊಂಬೆಯ ಗಿಡ ಬೇಡ, ಭಾರಕ್ಕೆ ಸೀಳಿಹೋಗುತ್ತದೆ. ಅಲ್ಲಿಗೆ ಹೋಸ್ಟ, ಡೇಲಿಲಿ, ಹುಲ್ಲಿನ ಜಾತಿಯ ಗಿಡಗಳು ಸರಿ. ಇವು ಚಳಿಗೆ ನೆಲಮಟ್ಟಕ್ಕೆ ಒಣಗಿ, ಬೇರಿನಿಂದ ಮತ್ತೆ ಚಿಗುರುತ್ತವೆ. ಮೇಲೆ ಮೂರಡಿ ಹಿಮ ಬಿದ್ದಿದ್ದರೂ ಅವಕ್ಕೆ ಗೊತ್ತಾಗುವುದಿಲ್ಲ.

ಇನ್ನು ಚಳಿಯ ವಲಯದ ಮಾತು. ಅಮೆರಿಕದ ಕೃಷಿ ಇಲಾಖೆಯ ನಕ್ಷೆಯಲ್ಲಿ ಪ್ರತಿ ಜಾಗಕ್ಕೂ ಒಂದು ಅಂಕಿ ಇರುತ್ತದೆ. 4ನೇ ವಲಯ ಅಂದರೆ ವರ್ಷದ ಅತಿ ಚಳಿಯ ರಾತ್ರಿ ಸರಾಸರಿ ಮೈನಸ್ 20ರಿಂದ ಮೈನಸ್ 30 ಡಿಗ್ರಿ ಫ್ಯಾರನ್‌ಹೀಟ್. ನಮ್ಮ ಲೆಕ್ಕದಲ್ಲಿ ಮೈನಸ್ 29ರಿಂದ ಮೈನಸ್ 34 ಸೆಲ್ಸಿಯಸ್. 5ನೇ ವಲಯ ಅದಕ್ಕಿಂತ ಹತ್ತು ಫ್ಯಾರನ್‌ಹೀಟ್ ಬೆಚ್ಚಗೆ. 2023ರಲ್ಲಿ ಹೊಸ ನಕ್ಷೆ ಬಂದಾಗ ಎಷ್ಟೋ ಊರುಗಳು ಅರ್ಧ ವಲಯ ಮೇಲೇರಿದವು. ಅದನ್ನು ನೋಡಿ ಖುಷಿಪಟ್ಟು 5ನೇ ವಲಯದ ಗಿಡ ಕೊಳ್ಳುವವರಿದ್ದಾರೆ. ಆದರೆ ನಕ್ಷೆ ಹೇಳುವುದು 30 ವರ್ಷದ ಸರಾಸರಿ. ಗಿಡ ಸಾಯಲು ಒಂದು ರಾತ್ರಿ ಸಾಕು, ಅಲ್ವಾ? ನಿಮ್ಮ ವಿಳಾಸಕ್ಕೆ 5 ಅಂತ ತೋರಿಸಿದರೂ ಮರ, ಪೊದೆಗಳಿಗೆ 4 ಅಂತ ಬರೆದ ಚೀಟಿಯನ್ನೇ ಹುಡುಕಿ. ದೊಡ್ಡ ಅಂಗಡಿಗಳ ತೋಟದ ವಿಭಾಗದಲ್ಲಿ 6ನೇ ವಲಯದ ಗಿಡಗಳನ್ನೂ ಇಟ್ಟಿರುತ್ತಾರೆ. ಚೀಟಿ ತಿರುಗಿಸಿ ನೋಡದೆ ಗಾಡಿಗೆ ಹಾಕಬೇಡಿ.

ಹುಲ್ಲು: ಬ್ಲೂಗ್ರಾಸ್, ಫೆಸ್ಕ್ಯೂ, ಬೀ ಲಾನ್

ಇಲ್ಲಿನ ಬಹುಪಾಲು ಮನೆಗಳ ಮುಂದೆ ಇರುವುದು ಕೆಂಟಕಿ ಬ್ಲೂಗ್ರಾಸ್. ಬಿಲ್ಡರ್ ತಂದು ಹಾಸುವ ಸಾಡ್, ಅಂದರೆ ಬೆಳೆದ ಹುಲ್ಲಿನ ಚಾಪೆಯೂ ಹೆಚ್ಚಾಗಿ ಅದೇ. ಇದರ ದೊಡ್ಡ ಗುಣ, ಮಣ್ಣಿನೊಳಗೇ ಕಾಂಡ ಹರಡಿಕೊಂಡು ಹೋಗಿ ಖಾಲಿ ಬಿದ್ದ ಜಾಗವನ್ನು ತಾನೇ ತುಂಬಿಕೊಳ್ಳುತ್ತದೆ. ಚಳಿ ಚೆನ್ನಾಗಿ ತಡೆಯುತ್ತದೆ. ಮಕ್ಕಳು ಕ್ರಿಕೆಟ್ ಆಡಿದರೂ ಚೇತರಿಸಿಕೊಳ್ಳುತ್ತದೆ. ಆದರೆ ಅದಕ್ಕೆ ಬಿಸಿಲು ಬೇಕು, ಗೊಬ್ಬರ ಬೇಕು, ಬೇಸಿಗೆಯಲ್ಲಿ ಹಸಿರಾಗಿ ಉಳಿಯಬೇಕಾದರೆ ವಾರಕ್ಕೆ ಸುಮಾರು ಒಂದು ಇಂಚು ನೀರು ಬೇಕು. ನೀರು ಕೊಡದಿದ್ದರೆ ಜುಲೈನಲ್ಲಿ ಕಂದುಬಣ್ಣಕ್ಕೆ ತಿರುಗಿ ಮಲಗುತ್ತದೆ, ಮಳೆ ಬಂದಾಗ ಏಳುತ್ತದೆ. ಅದನ್ನು ನೋಡಿ ಗಾಬರಿಯಾಗಬೇಕಿಲ್ಲ. ರಸ್ತೆಯ ಉಪ್ಪು ಮಾತ್ರ ಇದಕ್ಕೆ ಆಗಿಬರುವುದಿಲ್ಲ.

ಎರಡನೆಯದು ಫೈನ್ ಫೆಸ್ಕ್ಯೂ. ಎಲೆ ಕೂದಲಿನಷ್ಟು ಸಣ್ಣ. ಹಾರ್ಡ್, ಚೂಯಿಂಗ್ಸ್, ಕ್ರೀಪಿಂಗ್ ರೆಡ್ ಅಂತ ಇದರಲ್ಲೇ ಹಲವು ಬಗೆ, ಸಾಮಾನ್ಯವಾಗಿ ಬೆರೆಸಿ ಮಾರುತ್ತಾರೆ. ಮಿನ್ನೆಸೋಟ ವಿಶ್ವವಿದ್ಯಾಲಯದ ಹುಲ್ಲಿನ ಸಂಶೋಧಕರು ವರ್ಷಗಳಿಂದ ಇದರ ಮೇಲೆ ಕೆಲಸ ಮಾಡುತ್ತಿದ್ದಾರೆ. ನೆರಳಲ್ಲೂ ಬೆಳೆಯುತ್ತದೆ, ಗೊಬ್ಬರ ಕಡಿಮೆ ಸಾಕು, ನಿಧಾನವಾಗಿ ಬೆಳೆಯುವುದರಿಂದ ಕತ್ತರಿಸುವ ಕೆಲಸವೂ ಕಡಿಮೆ. ಇದರ ದೌರ್ಬಲ್ಯ ತುಳಿತ. ದಿನಾ ಓಡಾಡುವ ದಾರಿಯಲ್ಲಿ, ನಾಯಿ ಓಡುವ ಬೇಲಿಯ ಅಂಚಿನಲ್ಲಿ ಬೇಗ ಸವೆದುಹೋಗುತ್ತದೆ. ನಿಮ್ಮ ಅಂಗಳದಲ್ಲಿ ದೊಡ್ಡ ಮೇಪಲ್ ನೆರಳಿದ್ದರೆ ಯೋಚನೆ ಮಾಡುವ ಅಗತ್ಯವೇ ಇಲ್ಲ, ಫೆಸ್ಕ್ಯೂ ಹಾಕಿ.

ಪೆರೆನಿಯಲ್ ರೈಗ್ರಾಸ್ ಒಂದೇ ವಾರದಲ್ಲಿ ಮೊಳೆಯುತ್ತದೆ, ಅದಕ್ಕೇ ಅಗ್ಗದ ‘ಬೇಗ ಹಸಿರು’ ಚೀಲಗಳಲ್ಲಿ ತುಂಬಿರುತ್ತಾರೆ. ಆದರೆ ಚಳಿ ತಡೆಯುವುದರಲ್ಲಿ ಬ್ಲೂಗ್ರಾಸ್‌ನ ಮುಂದೆ ನಿಲ್ಲುವುದಿಲ್ಲ. ಬ್ಲೂಗ್ರಾಸ್ ಮೊಳೆಯಲು ಎರಡರಿಂದ ನಾಲ್ಕು ವಾರ ಹಿಡಿಯುತ್ತದೆ. ತಾಳ್ಮೆ ಇಲ್ಲದವರು ಮೋಸ ಹೋಗುವುದು ಇಲ್ಲೇ. ಚೀಲದ ಹಿಂದೆ ಯಾವ ಹುಲ್ಲು ನೂರಕ್ಕೆ ಎಷ್ಟು ಅಂತ ಅಚ್ಚು ಹಾಕಿರುತ್ತಾರೆ. ಮುಂದಿನ ಚಿತ್ರ ಬಿಟ್ಟು ಅದನ್ನು ಓದಿ.

ನಾನು ಮನಸಾರೆ ಹೇಳುವುದು ಮೂರನೆಯ ದಾರಿ, ಬೀ ಲಾನ್. ಫೈನ್ ಫೆಸ್ಕ್ಯೂ ಜೊತೆ ಬಿಳಿ ಕ್ಲೋವರ್, ಸೆಲ್ಫ್‌ಹೀಲ್, ನೆಲಕ್ಕಂಟಿ ಬೆಳೆಯುವ ಥೈಮ್ ಬೆರೆಸಿ ಬಿತ್ತುವುದು. ಹುಲ್ಲಿನಂತೆಯೇ ಕತ್ತರಿಸಬಹುದು, ಮೂರು ಇಂಚಿಗಿಂತ ಕೆಳಗೆ ಹೋಗದಿದ್ದರೆ ಹೂ ಬಿಡುತ್ತಲೇ ಇರುತ್ತದೆ. ಕ್ಲೋವರ್ ಗಾಳಿಯ ಸಾರಜನಕವನ್ನು ಮಣ್ಣಿಗೆ ಸೇರಿಸುತ್ತದೆ, ನಮ್ಮೂರಿನ ಹೊಲದಲ್ಲಿ ಹುರುಳಿ, ಅಲಸಂದೆ ಮಾಡುವ ಕೆಲಸವೇ ಅದು. ಹಾಗಾಗಿ ಗೊಬ್ಬರದ ಖರ್ಚು ಇಳಿಯುತ್ತದೆ. ತೊಂದರೆ ಎರಡಿವೆ. ಒಂದು, ಡ್ಯಾಂಡಿಲಯನ್‌ಗೆ ಅಂತ ಅಗಲ ಎಲೆಯ ಕಳೆನಾಶಕ ಹೊಡೆದರೆ ಕ್ಲೋವರೂ ಸಾಯುತ್ತದೆ, ಕಳೆಯನ್ನು ಕೈಯಿಂದಲೇ ಕೀಳಬೇಕು. ಎರಡು, ಬರಿಗಾಲಲ್ಲಿ ಓಡುವ ಮಕ್ಕಳಿದ್ದರೆ ಜೇನುಹುಳದ ಮೇಲೆ ಕಾಲಿಡುವ ಸಂಭವ ಇದೆ. ಮನೆಯಲ್ಲಿ ಯಾರಿಗಾದರೂ ಜೇನು ಕಡಿತದ ಅಲರ್ಜಿ ಇದ್ದರೆ ಈ ದಾರಿ ಬಿಟ್ಟುಬಿಡಿ.

ಬಿತ್ತನೆಯ ಕಾಲದ ಬಗ್ಗೆ ಇಲ್ಲಿ ಎರಡು ಮಾತಿಲ್ಲ: ಆಗಸ್ಟ್ ಮಧ್ಯದಿಂದ ಸೆಪ್ಟೆಂಬರ್ ಮಧ್ಯದವರೆಗೆ. ಮಣ್ಣು ಬೆಚ್ಚಗಿರುತ್ತದೆ, ಗಾಳಿ ತಂಪಾಗಿರುತ್ತದೆ, ಕಳೆಯ ಕಾಟ ಕಡಿಮೆ. ವಸಂತದಲ್ಲಿ ಬಿತ್ತಿದರೆ ಕ್ರ್ಯಾಬ್‌ಗ್ರಾಸ್ ಅನ್ನುವ ಕಳೆಯ ಜೊತೆ ಗುದ್ದಾಡಬೇಕಾಗುತ್ತದೆ. ಗೊಬ್ಬರವನ್ನು ವರ್ಷಕ್ಕೆ ಒಂದೇ ಸಲ ಹಾಕುವುದಾದರೆ ಸೆಪ್ಟೆಂಬರ್ ಮೊದಲ ವಾರಕ್ಕೆ ಹಾಕಿ. ಇನ್ನೊಂದು ವಿಷಯ ಹೊಸಬರಿಗೆ ಗೊತ್ತಿರುವುದಿಲ್ಲ. 2005ರಿಂದ ಇಡೀ ರಾಜ್ಯದಲ್ಲಿ ಲಾನ್‌ಗೆ ರಂಜಕ ಇರುವ ಗೊಬ್ಬರ ಹಾಕುವಂತಿಲ್ಲ. ಹೊಸದಾಗಿ ಬಿತ್ತುವಾಗ ಅಥವಾ ಮಣ್ಣು ಪರೀಕ್ಷೆಯಲ್ಲಿ ಕೊರತೆ ಕಂಡಾಗ ಮಾತ್ರ ವಿನಾಯಿತಿ. ಮಳೆಗೆ ಕೊಚ್ಚಿಹೋದ ರಂಜಕ ಕೆರೆ ಸೇರಿ ಪಾಚಿ ಕಟ್ಟಿಸುತ್ತದೆ. ಹತ್ತು ಸಾವಿರ ಕೆರೆಗಳ ನಾಡು ಅಂತ ಕಾರಿನ ನಂಬರ್ ಪ್ಲೇಟಿನ ಮೇಲೇ ಬರೆದುಕೊಂಡಿರುವ ರಾಜ್ಯ ಇದು. ಮಣ್ಣಿನ ಮಾದರಿಯನ್ನು ವಿಶ್ವವಿದ್ಯಾಲಯದ ಪ್ರಯೋಗಾಲಯಕ್ಕೆ ಕಳಿಸಿದರೆ ಏನು ಬೇಕು, ಏನು ಬೇಡ ಅಂತ ಬರೆದು ಕಳಿಸುತ್ತಾರೆ.

ಹಿಮ ಕರಗಿದ ಮೇಲೆ ಹುಲ್ಲಿನ ಮೇಲೆ ಬೂದುಬಣ್ಣದ ದುಂಡನೆಯ ಮಚ್ಚೆಗಳು ಕಾಣುತ್ತವೆ. ಬಗ್ಗಿ ನೋಡಿದರೆ ಎಲೆಗಳು ಒಂದಕ್ಕೊಂದು ಅಂಟಿಕೊಂಡು, ಮೇಲೆ ತೆಳ್ಳಗೆ ಜೇಡರ ಬಲೆಯ ಹಾಗೆ ಬೂಷ್ಟು ಕೂತಿರುತ್ತದೆ. ಇದು ಸ್ನೋ ಮೋಲ್ಡ್. ಔಷಧಿ ಬೇಡ. ನೆಲ ಒಣಗಿದ ಮೇಲೆ ಬಿದಿರಿನ ರೇಕ್‌ನಿಂದ ಹಗುರವಾಗಿ ಕೆದರಿ ಗಾಳಿ ಆಡಲು ಬಿಟ್ಟರೆ ಸಾಮಾನ್ಯವಾಗಿ ತಾನೇ ಸರಿಹೋಗುತ್ತದೆ. ಪಕ್ಕದಲ್ಲೇ ಅಂಕುಡೊಂಕು ಕಾಲುವೆಗಳಂಥ ಗೆರೆ ಇದ್ದರೆ ಅದು ವೋಲ್ ಇಲಿ ಹಿಮದಡಿ ಓಡಾಡಿದ ದಾರಿ. ಎರಡಕ್ಕೂ ಪರಿಹಾರ ಹಿಂದಿನ ಅಕ್ಟೋಬರ್‌ನಲ್ಲಿದೆ: ಹುಲ್ಲು ಉದ್ದ ಬಿಡದೆ ಕೊನೆಯ ಸಲ ಕತ್ತರಿಸಬೇಕು, ಉದುರಿದ ಎಲೆಯ ದಪ್ಪ ಹಾಸು ಉಳಿಯದ ಹಾಗೆ ನೋಡಿಕೊಳ್ಳಬೇಕು.

ಪಾತಿ: ನರ್ಸರಿಯ ಹೂಪೊದೆ ಅಥವಾ ಇಲ್ಲಿನ ಕಾಡುಹೂ

ಹೂಪೊದೆ ಅಂದಾಗ ಎಲ್ಲರ ಕಣ್ಣು ಹೋಗುವುದು ನೀಲಿ ಹೈಡ್ರೇಂಜಿಯದ ಮೇಲೆ. ಊಟಿ, ಕೊಡಗಿನ ಕಡೆ ನೋಡಿದ ನೆನಪೂ ಇರುತ್ತದೆ. ಆ ಅಗಲ ಎಲೆಯ ಜಾತಿ ಇಲ್ಲಿ ಬದುಕಿದರೂ ಹೂ ಬಿಡುವುದು ಕಷ್ಟ. ಯಾಕೆಂದರೆ ಅದರ ಹೆಚ್ಚಿನ ತಳಿಗಳಲ್ಲಿ ಮೊಗ್ಗು ಹಿಂದಿನ ವರ್ಷದ ಕೊಂಬೆಯ ಮೇಲೇ ಕೂತಿರುತ್ತದೆ, ಆ ಕೊಂಬೆ ಚಳಿಗೆ ಬುಡದವರೆಗೆ ಸಾಯುತ್ತದೆ. ‘ಆ್ಯನಬೆಲ್’ ತರಹದ ಬಿಳಿ ಹೈಡ್ರೇಂಜಿಯ ಅಥವಾ ಪ್ಯಾನಿಕಲ್ ಹೈಡ್ರೇಂಜಿಯ ಹಾಗಲ್ಲ. ಅವು ಅದೇ ವರ್ಷದ ಹೊಸ ಚಿಗುರಿನ ಮೇಲೆ ಹೂ ಬಿಡುತ್ತವೆ. ವಸಂತದಲ್ಲಿ ನೀವೇ ಗಿಡ್ಡಗೆ ಕತ್ತರಿಸಿದರೂ ಜುಲೈ ಹೊತ್ತಿಗೆ ಹೂವಿನಿಂದ ತುಂಬಿರುತ್ತದೆ. ನೀಲಿ ಬಣ್ಣದ ಆಸೆ ಬಿಟ್ಟರೆ ನೆಮ್ಮದಿ. ಲೈಲಾಕ್, ಪಿಯೋನಿ ಎರಡಕ್ಕೂ ಹೂ ಬಿಡಲು ಚಳಿ ಬೇಕೇ ಬೇಕು, ಬೆಂಗಳೂರಿನಲ್ಲಿ ಎಷ್ಟು ಆರೈಕೆ ಮಾಡಿದರೂ ಬಾರದ ಹೂಗಳು ಇಲ್ಲಿ ಕೇಳದೆ ಬರುತ್ತವೆ. ಪಿಯೋನಿಯ ಗೆಡ್ಡೆಯನ್ನು ಎರಡು ಇಂಚಿಗಿಂತ ಆಳಕ್ಕೆ ಹೂಳಬೇಡಿ, ಆಳ ಹೆಚ್ಚಾದರೆ ಎಲೆ ಮಾತ್ರ ಬರುತ್ತದೆ.

ಇನ್ನೊಂದು ಕಡೆ ಈ ಹುಲ್ಲುಗಾವಲಿನ ನೆಲದಲ್ಲೇ ಹುಟ್ಟಿ ಬೆಳೆದ ಗಿಡಗಳು: ಕಿರಿದಾದ ಎಲೆಯ ನೇರಳೆ ಕೋನ್‌ಫ್ಲವರ್, ಬ್ಲ್ಯಾಕ್ ಐಡ್ ಸೂಸನ್, ಬೀ ಬಾಮ್, ಚಿಟ್ಟೆಗಳಿಗೆ ಬೇಕಾದ ಮಿಲ್ಕ್‌ವೀಡ್, ಲಿಟ್ಲ್ ಬ್ಲೂಸ್ಟೆಮ್ ಹುಲ್ಲು. ಇವಕ್ಕೆ ಚಳಿ ಹೊಸದಲ್ಲ. ಒಮ್ಮೆ ಬೇರು ಹಿಡಿದರೆ ನೀರು, ಗೊಬ್ಬರ ಕೇಳುವುದಿಲ್ಲ. ಆದರೆ ಮೊದಲ ವರ್ಷ ನೋಡಲು ಏನೂ ಇರುವುದಿಲ್ಲ. ಗಿಡ ಮಣ್ಣಿನೊಳಗೆ ಬೇರು ಬೆಳೆಸುತ್ತಿರುತ್ತದೆ, ಮೇಲೆ ಕಳೆಯೇ ಜಾಸ್ತಿ. ಮೂರನೇ ಬೇಸಿಗೆಗೆ ಪಾತಿ ತುಂಬುತ್ತದೆ. ಈ ಕಾಯುವ ಕಾಲದಲ್ಲಿ ಕಳೆ ಕೀಳಲು ಆಗದವರು ಬೀಜ ಬಿತ್ತುವುದು ಬಿಟ್ಟು ಸಸಿ ತಂದು ನೆಡಿ, ಖರ್ಚು ಹೆಚ್ಚು, ಬೇಸರ ಕಡಿಮೆ.

ಒಣಗಿದ ಕಾಂಡಗಳನ್ನು ಚಳಿಗಾಲದಲ್ಲಿ ಹಾಗೇ ನಿಲ್ಲಿಸಿಡಬೇಕು. ಹಿಮ ಹಿಡಿದಿಟ್ಟುಕೊಂಡು ಬೇರಿಗೆ ಹೊದಿಕೆಯಾಗುತ್ತವೆ, ಹಕ್ಕಿಗಳು ಬೀಜ ತಿನ್ನಲು ಬರುತ್ತವೆ. ವಸಂತದಲ್ಲಿ ಪೂರಾ ಬೋಳಿಸದೆ ಒಂದರಿಂದ ಒಂದೂವರೆ ಅಡಿ ಮೋಟು ಬಿಟ್ಟರೆ ಪೊಳ್ಳು ಕಾಂಡದೊಳಗೆ ಗೂಡು ಮಾಡುವ ಕಾಡುಜೇನುಗಳಿಗೆ ಮನೆ ಸಿಗುತ್ತದೆ.

‘ಅಕ್ಕಪಕ್ಕದವರು ಏನಂದುಕೊಳ್ಳುತ್ತಾರೆ, ಊರಿನವರು ನೋಟಿಸ್ ಕೊಟ್ಟರೆ’ ಅನ್ನುವ ಭಯ ಇದೆಯಲ್ಲ, ಅದಕ್ಕೆ 2023ರಲ್ಲಿ ರಾಜ್ಯ ಕಾನೂನೇ ಬಂದಿದೆ. ಯೋಜನೆ ಮಾಡಿ, ನೋಡಿಕೊಳ್ಳುವ ಸಹಜ ತೋಟಕ್ಕೆ ಎತ್ತರದ ನೆಪ ಹೇಳಿ ಊರಾಡಳಿತ ಅಡ್ಡಿ ಮಾಡುವಂತಿಲ್ಲ. ಕತ್ತರಿಸದೆ ಬಿಟ್ಟ ಮಾಮೂಲಿ ಲಾನ್‌ಗೆ ಈ ರಕ್ಷಣೆ ಇಲ್ಲ. ಪಾತಿಯ ಸುತ್ತ ಕಲ್ಲಿನ ಅಂಚೋ, ಒಂದು ಸಾಲು ಕತ್ತರಿಸಿದ ಹುಲ್ಲೋ ಇದ್ದರೆ ನೋಡಿದವರಿಗೂ ಇದು ಬೇಕೆಂದೇ ಬೆಳೆಸಿದ ತೋಟ ಅಂತ ತಿಳಿಯುತ್ತದೆ. ಜೊತೆಗೆ ‘ಲಾನ್ಸ್ ಟು ಲೆಗ್ಯೂಮ್ಸ್’ ಅನ್ನುವ ರಾಜ್ಯದ ಯೋಜನೆಯಲ್ಲಿ ಅರ್ಜಿ ಒಪ್ಪಿಗೆಯಾದರೆ ಜೇನು, ಚಿಟ್ಟೆಗಳಿಗೆ ಬೇಕಾದ ಗಿಡ ನೆಟ್ಟ ಖರ್ಚಿನಲ್ಲಿ ಒಂದು ಪಾಲು ವಾಪಸ್ ಬರುತ್ತದೆ. ಬಾಡಿಗೆ ಮನೆಯವರು, ಮನೆ ಸಂಘದ ನಿಯಮ ಇರುವ ಕಡೆಯವರು ಮೊದಲು ಅಲ್ಲಿ ಕೇಳಿಕೊಂಡು ಮುಂದುವರಿಯಿರಿ.

ಮರ ಮತ್ತು ಹಸಿರು ಬೇಲಿ

ಪಕ್ಕದ ಮನೆಯ ಕಿಟಕಿ ಕಾಣದಿರಲಿ ಅಂತ ಎಲ್ಲರೂ ಆರ್ಬರ್‌ವೈಟಿ ಅನ್ನುವ ನಿತ್ಯಹಸಿರು ಗಿಡದ ಸಾಲು ನೆಡುತ್ತಾರೆ. ಅದರಲ್ಲೂ ತೆಳ್ಳಗೆ ನೆಟ್ಟಗೆ ಬೆಳೆಯುವ ‘ಎಮರಲ್ಡ್ ಗ್ರೀನ್’. ನೋಡಲು ಚೆಂದ. ಆದರೆ ಚಳಿಗಾಲದ ಬಿಸಿಲು, ಗಾಳಿಗೆ ಎಲೆಯಿಂದ ನೀರು ಆರಿಹೋಗುತ್ತದೆ, ಬೇರಿನ ಸುತ್ತ ಮಣ್ಣು ಹೆಪ್ಪುಗಟ್ಟಿರುವುದರಿಂದ ಮೇಲೆ ನೀರು ಏರುವುದಿಲ್ಲ, ಮಾರ್ಚ್ ಹೊತ್ತಿಗೆ ದಕ್ಷಿಣದ ಪಕ್ಕ ಪೂರಾ ಕೆಂಪಗೆ ಸುಟ್ಟಿರುತ್ತದೆ. ಉಳಿದದ್ದನ್ನು ಜಿಂಕೆ ಮೇಯುತ್ತದೆ. ಆರ್ಬರ್‌ವೈಟಿಯೇ ಬೇಕೆಂದರೆ ‘ಟೆಕ್ನಿ’ ತಳಿ ಹೆಚ್ಚು ಗಟ್ಟಿ. ಜಿಂಕೆ ಓಡಾಡುವ ಊರಂಚಿನ ಮನೆಯಾದರೆ ಬ್ಲ್ಯಾಕ್ ಹಿಲ್ಸ್ ಸ್ಪ್ರೂಸ್ ನೆಡಿ. ಕೊಲರಾಡೊ ಬ್ಲೂ ಸ್ಪ್ರೂಸ್‌ನ ಬೆಳ್ಳಿ ಬಣ್ಣಕ್ಕೆ ಮರುಳಾಗಬೇಡಿ. ಇಲ್ಲಿನ ಬೇಸಿಗೆಯ ತೇವಕ್ಕೆ ಶಿಲೀಂಧ್ರ ರೋಗ ತಗುಲಿ ಕೆಳಗಿನ ಕೊಂಬೆಗಳಿಂದ ಸೂಜಿಯೆಲೆ ಉದುರುತ್ತಾ ಬರುತ್ತದೆ. ಯಾವುದನ್ನೇ ನೆಟ್ಟರೂ ನೆಲ ಹೆಪ್ಪುಗಟ್ಟುವವರೆಗೆ ನೀರು ಹಾಕುತ್ತಿರಿ.

ನೆರಳಿನ ಮರಕ್ಕೆ ಆ್ಯಶ್ ಮಾತ್ರ ಬೇಡ. ಎಮರಲ್ಡ್ ಆ್ಯಶ್ ಬೋರರ್ ಅನ್ನುವ ಹಸಿರು ಜೀರುಂಡೆ 2002ರಲ್ಲಿ ಮಿಷಿಗನ್‌ನಲ್ಲಿ ಪತ್ತೆಯಾಯಿತು, 2009ರಲ್ಲಿ ಸೇಂಟ್ ಪಾಲ್‌ಗೆ ಬಂತು, ಈಗ ಊರೂರಿನ ಬೀದಿಬದಿಯ ಆ್ಯಶ್ ಮರಗಳು ಉರುಳುತ್ತಿವೆ. ಅದಕ್ಕೂ ಮೊದಲು ಎಲ್ಮ್ ಮರಗಳು ಡಚ್ ಎಲ್ಮ್ ರೋಗಕ್ಕೆ ಹೋಗಿ, ಅವುಗಳ ಜಾಗದಲ್ಲೇ ಈ ಆ್ಯಶ್ ಸಾಲು ನೆಟ್ಟಿದ್ದರು. ಆದ್ದರಿಂದ ನಿಮ್ಮ ಬೀದಿಯಲ್ಲಿ ಏನು ಜಾಸ್ತಿ ಇದೆಯೋ ಅದನ್ನು ಬಿಟ್ಟು ಬೇರೆ ನೆಡಿ. ಹ್ಯಾಕ್‌ಬೆರಿ, ಬರ್ ಓಕ್, ಕೆಂಟಕಿ ಕಾಫಿಟ್ರೀ ಮೂರೂ ಇಲ್ಲಿನ ಚಳಿಗೆ ಬಗ್ಗುವ ಮರಗಳಲ್ಲ. ಓಕ್ ಇದ್ದರೆ ಏಪ್ರಿಲ್‌ನಿಂದ ಜುಲೈವರೆಗೆ ಕೊಂಬೆ ಕತ್ತರಿಸಬೇಡಿ. ಆ ಕಾಲದಲ್ಲಿ ಗಾಯದ ಮೂಲಕ ಓಕ್ ವಿಲ್ಟ್ ರೋಗ ಹತ್ತುತ್ತದೆ.

ಹಣ್ಣಿನ ಮರಕ್ಕೆ ಸೇಬಿಗಿಂತ ಒಳ್ಳೆಯದಿಲ್ಲ. ಹನಿಕ್ರಿಸ್ಪ್ ಸೇಬನ್ನು ಅಂಗಡಿಯಲ್ಲಿ ದುಬಾರಿ ಬೆಲೆಗೆ ಕೊಳ್ಳುತ್ತೇವಲ್ಲ, ಅದು ಮಿನ್ನೆಸೋಟ ವಿಶ್ವವಿದ್ಯಾಲಯ 1991ರಲ್ಲಿ ಬಿಡುಗಡೆ ಮಾಡಿದ ತಳಿ, ಈ ಚಳಿಗೆಂದೇ ಆರಿಸಿದ್ದು. ಅದಕ್ಕೂ ಹಳೆಯದು 1922ರ ಹ್ಯಾರಲ್‌ಸನ್, ಹುಳಿ ಹೆಚ್ಚು, ಉಪ್ಪಿನಕಾಯಿಗೆ, ಗೊಜ್ಜಿಗೆ ಬಹಳ ಚೆನ್ನ. ಒಂದೇ ತಳಿ ನೆಟ್ಟರೆ ಕಾಯಿ ಸರಿಯಾಗಿ ಕಟ್ಟುವುದಿಲ್ಲ. ಎರಡು ತಳಿ ಬೇಕು, ಅಥವಾ ಹತ್ತಿರದಲ್ಲಿ ಒಂದು ಕ್ರ್ಯಾಬ್‌ಆ್ಯಪಲ್ (ಸಣ್ಣ ಕಾಯಿಯ ಸೇಬು) ಇರಬೇಕು.

ಎಳೆಯ ಸೇಬಿನ ಗಿಡಕ್ಕೆ ಚಳಿಗಿಂತ ಮೊಲ ದೊಡ್ಡ ಶತ್ರು. ಕೊಂಬೆಯ ತುದಿ ನೋಡಿ: ಚಾಕುವಿನಲ್ಲಿ ಓರೆಯಾಗಿ ಕೊಯ್ದಂತೆ ನುಣ್ಣಗಿದ್ದರೆ ಮೊಲ. ನಾರು ನಾರಾಗಿ ಹರಿದಿದ್ದರೆ ಜಿಂಕೆ, ಅದಕ್ಕೆ ಮೇಲಿನ ಮುಂಬಲ್ಲುಗಳಿಲ್ಲ, ಎಳೆದು ಹರಿಯಬೇಕು. ಬುಡದ ತೊಗಟೆಯನ್ನು ಸುತ್ತಲೂ ತಿಂದುಬಿಟ್ಟರೆ ಮರ ಮುಗಿಯಿತು. ಕಾಲು ಇಂಚು ಕಣ್ಣಿನ ತಂತಿ ಬಲೆಯನ್ನು ಕಾಂಡದ ಸುತ್ತ, ತೊಗಟೆಗೆ ತಾಗದಂತೆ, ಒಂದೆರಡು ಇಂಚು ಮಣ್ಣಿನೊಳಗೂ ಇಳಿಸಿ ನಿಲ್ಲಿಸಿ. ಎತ್ತರ ಎಷ್ಟು ಅಂದರೆ, ಮೊಲ ನಿಲ್ಲುವುದು ನೆಲದ ಮೇಲಲ್ಲ, ಹಿಮದ ಮೇಲೆ. ಹಿಮದ ಎತ್ತರಕ್ಕೆ ಇನ್ನೆರಡು ಅಡಿ ಸೇರಿಸಿಕೊಳ್ಳಿ.

ಕಲ್ಲುಹಾಸು, ಮಲ್ಚ್, ಪ್ಯಾಟಿಯೊ

ಗಿಡದ ಬುಡಕ್ಕೆ ಕಲ್ಲೋ ಮರದ ಚಕ್ಕೆಯೋ ಅಂದರೆ ನನ್ನ ಮತ ಚಕ್ಕೆಗೆ. ಕಲ್ಲು ಒಮ್ಮೆ ಹಾಕಿದರೆ ಮುಗಿಯಿತು ಅಂತ ಮಾರುತ್ತಾರೆ, ಮುಗಿಯುವುದಿಲ್ಲ. ವರ್ಷಗಳಲ್ಲಿ ಕಲ್ಲಿನ ನಡುವೆ ಧೂಳು, ಎಲೆ ಸೇರಿ ಮಣ್ಣಾಗಿ, ಕಳೆ ತಡೆಯಲೆಂದು ಕೆಳಗೆ ಹಾಸಿದ ಬಟ್ಟೆಯ ಮೇಲೇ ಕಳೆ ಬೇರು ಬಿಡುತ್ತದೆ. ಡ್ರೈವ್‌ವೇ ಪಕ್ಕದ ಕಲ್ಲು ಹಿಮ ತೆಗೆಯುವ ಸ್ನೋಬ್ಲೋವರ್ ಯಂತ್ರಕ್ಕೆ ಸಿಕ್ಕಿ ಗುಂಡಿನಂತೆ ಹಾರುತ್ತದೆ. ಮನೆಯ ಗೋಡೆಗೆ ಅಂಟಿದ ಒಂದೆರಡು ಅಡಿ ಪಟ್ಟಿಗೆ ಮಾತ್ರ ಕಲ್ಲು ಸರಿ. ಚಕ್ಕೆಯನ್ನು ಮೂರು ಇಂಚು ಹರಡಿ, ಕಾಂಡಕ್ಕೆ ತಾಗದಂತೆ ಬಿಡಿ.

ಹೊರಗೆ ಕೂರುವ ಜಾಗಕ್ಕೆ, ಅಂದರೆ ಪ್ಯಾಟಿಯೊಗೆ, ಕಾಂಕ್ರೀಟೋ, ಬಿಡಿಬಿಡಿಯಾಗಿ ಜೋಡಿಸುವ ಹಾಸುಬಿಲ್ಲೆ ಪೇವರೋ? ನೀರು ಹೆಪ್ಪುಗಟ್ಟಿದಾಗ ಮಣ್ಣು ಉಬ್ಬುತ್ತದೆ, ಕರಗಿದಾಗ ಕುಸಿಯುತ್ತದೆ. ಕಾಂಕ್ರೀಟ್ ಅದಕ್ಕೆ ಬಿರುಕು ಬಿಟ್ಟು ಉತ್ತರ ಕೊಡುತ್ತದೆ. ಪೇವರ್ ಎದ್ದರೆ ತೆಗೆದು, ಜಲ್ಲಿ ಸಮ ಮಾಡಿ, ಮತ್ತೆ ಕೂರಿಸಬಹುದು. ಆರಂಭದ ಖರ್ಚು ಪೇವರ್‌ಗೇ ಜಾಸ್ತಿ. ಆದರೂ ಕೆಳಗೆ ಚೆನ್ನಾಗಿ ಒತ್ತಿದ ಜಲ್ಲಿಯ ತಳ ಹಾಕಿಸುವುದಾದರೆ ಪೇವರ್ ಆರಿಸಿ. ತಳಕ್ಕೆ ಕೈಬಿಗಿ ಮಾಡುವುದಾದರೆ ಎರಡೂ ಬೇಡ. ಕಾಂಕ್ರೀಟ್ ಹಾಕಿಸುವುದಾದರೆ ಒಳಗೆ ಸಣ್ಣ ಗಾಳಿಗುಳ್ಳೆ ಇರುವ ಏರ್ ಎಂಟ್ರೇನ್ಡ್ ಮಿಶ್ರಣವನ್ನೇ ಕೇಳಿ, ಮೊದಲ ಚಳಿಗಾಲ ಅದರ ಮೇಲೆ ಉಪ್ಪು ಹಾಕಬೇಡಿ. ಡೆಕ್‌ನ ಕಂಬದ ಪಾಯಕ್ಕೆ ದಕ್ಷಿಣ ಮಿನ್ನೆಸೋಟದಲ್ಲಿ 42 ಇಂಚು ಆಳ, ಉತ್ತರದಲ್ಲಿ 60 ಇಂಚು ಅಂತ ನಿಯಮವೇ ಇದೆ. ಕಡಿಮೆ ಸಾಕು ಅನ್ನುವ ಕಾಂಟ್ರ್ಯಾಕ್ಟರನ್ನು ಅಲ್ಲಿಂದಲೇ ಕಳಿಸಿಬಿಡಿ. ಗುದ್ದಲಿ ಹಾಕುವ ಮೊದಲು, ಒಂದು ಗಿಡಕ್ಕಾದರೂ ಸರಿ, 811ಕ್ಕೆ ಕರೆ ಮಾಡಿ. ಗ್ಯಾಸ್, ಕರೆಂಟ್ ತಂತಿ ಎಲ್ಲಿದೆ ಅಂತ ಪುಕ್ಕಟೆ ಗುರುತು ಹಾಕಿ ಹೋಗುತ್ತಾರೆ.

ಕರಿಬೇವು, ಅವರೆ, ಹರಿವೆ

ನಮ್ಮ ತರಕಾರಿಯ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ. ಕೊನೆಯ ಮಂಜು ಮೇ ಮಧ್ಯದವರೆಗೂ ಬೀಳಬಹುದು, ಬದನೆ, ಮೆಣಸಿನ ಸಸಿ ಮೇ ಕೊನೆಗೆ ಹೊರಗಿಡಿ. ಹರಿವೆ, ಮೆಂತ್ಯ ಬೇಸಿಗೆಯ ಉದ್ದ ಹಗಲಿಗೆ ಸೊಂಪಾಗಿ ಬರುತ್ತವೆ. ಅವರೆಯ ನಾಟಿ ತಳಿಗಳಿಗೆ ಹೂ ಬಿಡಲು ಹಗಲು ಚಿಕ್ಕದಾಗಬೇಕು. ಹೂ ಬರುವ ಹೊತ್ತಿಗೆ ಇಲ್ಲಿ ಮಂಜು ಬಿದ್ದಿರುತ್ತದೆ, ಅದರ ಬದಲು ಬೀನ್ಸ್ ಹಾಕಿ. ಕರಿಬೇವು, ಮಲ್ಲಿಗೆ ಕುಂಡದಲ್ಲೇ ಇರಲಿ. ರಾತ್ರಿ 50 ಫ್ಯಾರನ್‌ಹೀಟ್‌ಗಿಂತ ಕೆಳಗೆ ಇಳಿಯತೊಡಗಿದ ಕೂಡಲೇ ಒಳಗೆ ತನ್ನಿ.

ಹಿಮ ತೆಗೆಯುವುದು: ಸಲಿಕೆ, ಯಂತ್ರ, ಕಾಂಟ್ರ್ಯಾಕ್ಟ್

ಎರಡು ಕಾರಿನ ಚಿಕ್ಕ ಡ್ರೈವ್‌ವೇ, ಆರೋಗ್ಯ ಗಟ್ಟಿ ಇದ್ದರೆ ಸಲಿಕೆ ಸಾಕು. ಹೃದಯದ ತೊಂದರೆ ಇದ್ದವರು, ಊರಿಂದ ಬಂದ ಅಪ್ಪ ಅಮ್ಮ ಖಂಡಿತ ಸಲಿಕೆ ಹಿಡಿಯಬಾರದು. ಚಳಿಯಲ್ಲಿ ಆ ಭಾರ ಎತ್ತುವುದು ಎದೆಗೆ ದೊಡ್ಡ ಹೊರೆ. ಸಿಂಗಲ್ ಸ್ಟೇಜ್ ಸ್ನೋಬ್ಲೋವರ್ ಹಗುರ, ಆರೆಂಟು ಇಂಚಿನ ಪುಡಿ ಹಿಮಕ್ಕೆ ಚೆನ್ನ, ಆದರೆ ಅದರ ರಬ್ಬರ್ ಪಟ್ಟಿ ನೆಲ ಉಜ್ಜುವುದರಿಂದ ಜಲ್ಲಿ ದಾರಿಗೆ ಆಗುವುದಿಲ್ಲ. ಪ್ಲೌ ಗಾಡಿ ಡ್ರೈವ್‌ವೇ ಬಾಯಿಗೆ ಅಡ್ಡ ಹಾಕಿ ಹೋಗುವ ಗಟ್ಟಿ ದಿಬ್ಬಕ್ಕೆ ಟೂ ಸ್ಟೇಜ್ ಯಂತ್ರವೇ ಬೇಕು. ಯಾವ ಯಂತ್ರವಾದರೂ ಬಾಯಿ ಕಟ್ಟಿಕೊಂಡಾಗ ಆಫ್ ಮಾಡಿ, ಕೋಲಿನಿಂದ ಬಿಡಿಸಿ, ಕೈ ಹಾಕಬೇಡಿ. ತೆಗೆದ ಹಿಮವನ್ನು ರಸ್ತೆಗೆ ಅಥವಾ ರಸ್ತೆಯಾಚೆಗೆ ತಳ್ಳುವುದು ಇಲ್ಲಿ ಕಾನೂನಿಗೆ ವಿರುದ್ಧ.

ಉಪ್ಪಿನಲ್ಲೂ ಆಯ್ಕೆ ಇದೆ. ಮಾಮೂಲಿ ಕಲ್ಲುಪ್ಪು ನೆಲದ ಶಾಖ 15 ಫ್ಯಾರನ್‌ಹೀಟ್‌ಗಿಂತ ಇಳಿದರೆ ಕೆಲಸ ಮಾಡುವುದಿಲ್ಲ. ಕ್ಯಾಲ್ಸಿಯಂ ಕ್ಲೋರೈಡ್ ಮೈನಸ್ 20ರವರೆಗೂ ಮಾಡುತ್ತದೆ, ಬೆಲೆ ಜಾಸ್ತಿ. ಅದಕ್ಕೂ ಮುಂಚೆ ಹಿಮವನ್ನು ಚೆನ್ನಾಗಿ ಕೆರೆದು ತೆಗೆಯಿರಿ. ರಾಜ್ಯದ ಮಾಲಿನ್ಯ ನಿಯಂತ್ರಣ ಸಂಸ್ಥೆಯ ಲೆಕ್ಕದಲ್ಲಿ 20 ಅಡಿ ಡ್ರೈವ್‌ವೇಗೆ ಒಂದು ಕಾಫಿ ಮಗ್ ಉಪ್ಪು ಸಾಕು, ಒಂದು ಟೀ ಚಮಚ ಉಪ್ಪು ಐದು ಗ್ಯಾಲನ್ ನೀರನ್ನು ಶಾಶ್ವತವಾಗಿ ಕೆಡಿಸುತ್ತದೆ. ಮೈನಸ್ ಚಳಿಯ ದಿನ ಮರಳು ಎರಚಿ. ಕಾಲು ಜಾರುವುದಿಲ್ಲ, ಹುಲ್ಲೂ ಸಾಯುವುದಿಲ್ಲ.

ಕಾಂಟ್ರ್ಯಾಕ್ಟ್ ಎರಡು ಬಗೆ. ಬಂದ ಸಲಕ್ಕೆ ಇಷ್ಟು ಅನ್ನುವುದು ಹಿಮ ಕಡಿಮೆ ಬಿದ್ದ ವರ್ಷ ಲಾಭ. ಇಡೀ ಸೀಸನ್‌ಗೆ ಒಂದೇ ಮೊತ್ತ ಅನ್ನುವುದು ಜಾಸ್ತಿ ಬಿದ್ದ ವರ್ಷ ಲಾಭ. ರಾತ್ರಿ ಪಾಳಿ ಮಾಡುವವರು, ಬೆಳಿಗ್ಗೆ ಆರಕ್ಕೆ ಆಸ್ಪತ್ರೆಗೆ ಹೊರಡುವವರು ಎರಡನೆಯದನ್ನೇ ತೆಗೆದುಕೊಳ್ಳಿ, ಪ್ರತಿ ಸಲ ಕರೆಯುವ ತಲೆಬಿಸಿ ಇರುವುದಿಲ್ಲ. ಸಹಿ ಹಾಕುವ ಮೊದಲು ಇಷ್ಟು ಬರಹದಲ್ಲಿರಲಿ: ಎಷ್ಟು ಇಂಚು ಬಿದ್ದರೆ ಬರುತ್ತಾರೆ, ಎಷ್ಟು ಗಂಟೆಯೊಳಗೆ, ಪ್ಲೌ ಬಿಟ್ಟ ದಿಬ್ಬ ಸೇರಿದೆಯಾ, ಬಾಗಿಲ ಮೆಟ್ಟಿಲು ಸೇರಿದೆಯಾ, ಹಿಮ ಎಲ್ಲಿ ಗುಡ್ಡೆ ಹಾಕುತ್ತಾರೆ, ಇನ್ಶೂರೆನ್ಸ್ ಇದೆಯಾ.

ಹುಲ್ಲಿನ ಕಾಂಟ್ರ್ಯಾಕ್ಟ್ ಬೇರೆ ವಿಷಯ. ಬರೀ ಕತ್ತರಿಸಲು ಬೀದಿಯ ಹೈಸ್ಕೂಲ್ ಹುಡುಗನೂ ಸಾಕು, ಮೂರು ಇಂಚಿಗೆ ಯಂತ್ರ ಇಟ್ಟುಕೊಳ್ಳಲು ಹೇಳಿ. ಔಷಧಿ ಹೊಡೆಯುವವರಿಗೆ ಮಾತ್ರ ರಾಜ್ಯದ ಕೃಷಿ ಇಲಾಖೆಯ ಲೈಸೆನ್ಸ್ ಇರಲೇಬೇಕು. ಐದು ಸಲ, ಆರು ಸಲ ಅಂತ ಪ್ಯಾಕೇಜ್ ತೋರಿಸಿದರೆ ಪ್ರತಿ ಸಲ ಏನು ಹಾಕುತ್ತಾರೆ, ಯಾಕೆ ಅಂತ ಕೇಳಿ. ಬೀ ಲಾನ್ ಬೇಕಾದವರಿಗೆ ಈ ಪ್ಯಾಕೇಜ್ ಬೇಡವೇ ಬೇಡ.

ಸ್ಪ್ರಿಂಕ್ಲರ್ ಇದ್ದ ಮನೆಯಾದರೆ ಅಕ್ಟೋಬರ್‌ನಲ್ಲಿ ಕಂಪ್ರೆಸರ್ ತಂದು ಪೈಪಿನ ನೀರು ಊದಿಸುವ ಕೆಲಸವನ್ನೂ ಅದೇ ಮಾತುಕತೆಯಲ್ಲಿ ಸೇರಿಸಿ. ಹೊರಗಿನ ನಲ್ಲಿಗೆ ಸಿಕ್ಕಿಸಿದ ಹೋಸ್ ಪೈಪ್ ಮಾತ್ರ ನೀವೇ ಕಳಚಬೇಕು, ಅದು ಅಂಟಿಕೊಂಡಿದ್ದರೆ ಫ್ರಾಸ್ಟ್‌ಫ್ರೀ ನಲ್ಲಿಯೂ ಗೋಡೆಯೊಳಗೆ ಒಡೆಯುತ್ತದೆ. ಹಿಮದ ಕಾಂಟ್ರ್ಯಾಕ್ಟಿಗೆ ಸೆಪ್ಟೆಂಬರ್‌ನಲ್ಲೇ ಫೋನ್ ಮಾಡಿ. ಸಣ್ಣ ಊರಲ್ಲಿ ಪ್ಲೌ ಇರುವವರು ಕೆಲವೇ ಜನ, ಮೊದಲ ಹಿಮ ಬಿದ್ದ ದಿನ ಕರೆದರೆ ಅವರ ಪಟ್ಟಿ ತುಂಬಿರುತ್ತದೆ.